ಗಾಡಿ ವ್ಯಾಪಾರದಲ್ಲಿ ಸುಳ್ಳು ಹಲಾಲಾಯಿತೇ?

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಸಂಸ್ಕೃತದ ಉಡುಗೆ ತೊಟ್ಟಿರುವುದರಿಂದ ಅದು ಯಾವುದೋ ಶಾಸ್ತ್ರದ ವಾಕ್ಯವೆಂಬಂತೆ ತೋರುತ್ತದೆ. ಹೇಳುವವರು ನಗುತ್ತಲೇ ಹೇಳುತ್ತಾರೆ, ಕೇಳುವವರು ನಗುತ್ತಲೇ ತಲೆದೂಗುತ್ತಾರೆ. ಆದರೆ ಇತ್ತೀಚೆಗೆ ಇದೇ ಅರ್ಥದ ಮಾತನ್ನು ಮಸೀದಿಯ ಜಗುಲಿಯಲ್ಲಿ, ಅಸರ್ ನಮಾಜು ಮುಗಿಸಿ ಚಪ್ಪಲಿ ಹುಡುಕುತ್ತಿದ್ದ ಯುವಕನೊಬ್ಬನ ಬಾಯಿಯಿಂದ ಕೇಳಿದಾಗ ನನಗೆ ನಗು ಬರಲಿಲ್ಲ. “ಹಜ್ರತ್, ಗಾಡಿ ವ್ಯಾಪಾರದಲ್ಲಿ ಸ್ವಲ್ಪ ಸುಳ್ಳು ಇರಲೇಬೇಕು. ಇಲ್ಲದಿದ್ದರೆ ಈ ಧಂದೆ ನಡೆಯುವುದಿಲ್ಲ” ಎಂದನು. ಅವನು ನನ್ನ ಬಳಿ ಕುರ್‌ಆನ್ ಕಲಿತವನು. ಈಗ ಹಳೆಯ ಕಾರು, ಜೀಪು, ಪಿಕಪ್‌ಗಳನ್ನು ಹುಬ್ಬಳ್ಳಿಯ ಕಡೆಯಿಂದ ತಂದು ಯಲ್ಲಾಪುರ, ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮಾರುತ್ತಾನೆ.

ನಾನು ಅವನನ್ನು ಕರೆಸಿಕೊಂಡದ್ದಕ್ಕೆ ಕಾರಣವಿತ್ತು. ಚಂದಗುಳಿಯ ಸಮೀಪ ಅಡಿಕೆ ತೋಟವಿರುವ ಹಿರಿಯರೊಬ್ಬರು ಅವನಿಂದ ಹಳೆಯ ಕಾರೊಂದನ್ನು ಕೊಂಡಿದ್ದರು. ಮೀಟರಿನಲ್ಲಿ 58 ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ಕೆಲವು ತಿಂಗಳ ಬಳಿಕ ಕ್ಲಚ್ ಕೈಕೊಟ್ಟು, ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಒಯ್ದಾಗ ಅಲ್ಲಿನ ಕಂಪ್ಯೂಟರ್ ಬೇರೆಯೇ ಕಥೆ ಹೇಳಿತು. ಎರಡು ವರ್ಷಗಳ ಹಿಂದೆಯೇ ಆ ಗಾಡಿ 1 ಲಕ್ಷ 36 ಸಾವಿರ ಕಿಲೋಮೀಟರು ಓಡಿಯಾಗಿತ್ತು. ಹಿರಿಯರು ಪೊಲೀಸ್ ಠಾಣೆಗೆ ಹೋಗಲಿಲ್ಲ, ನನ್ನ ಮನೆಗೆ ಬಂದರು. ಬೆಲ್ಲ ನೀರು ಕುಡಿದು, ತುಸು ಹೊತ್ತು ಮಳೆಯ ವಿಷಯ ಮಾತಾಡಿ, ಆಮೇಲೆ ಹೇಳಿದರು: “ಮಾಸ್ತರೇ, ದುಡ್ಡು ಹೋಯ್ತು ಅಂತ ಬೇಜಾರಿಲ್ಲ. ಅವನು ನಿಮ್ಮ ಶಿಷ್ಯ ಅಂತ ಕೇಳಿದ್ದೆ. ದೇವರಾಣೆ ಹಾಕಿ ಹೇಳಿದ. ಅದಕ್ಕೇ ಮೆಕ್ಯಾನಿಕ್ ಹತ್ರ ತೋರಿಸ್ಲಿಲ್ಲ.”

ಆ ಕೊನೆಯ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕು. ಅವರು ಗಾಡಿಯನ್ನು ಪರೀಕ್ಷಿಸದೆ ಇದ್ದದ್ದು ಅಜ್ಞಾನದಿಂದಲ್ಲ, ಅಲ್ಲಾಹನ ಹೆಸರನ್ನು ನಂಬಿದ್ದರಿಂದ.

ಚಂದಗುಳಿಯ ಗಂಟೆ ಗಣಪತಿಯ ದೇವಸ್ಥಾನದ ಹೆಸರು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಹರಕೆ ಹೊತ್ತವರು ಅಲ್ಲಿ ಗಂಟೆ ಕಟ್ಟುತ್ತಾರೆ. ನಮ್ಮ ವಿಶ್ವಾಸ ಬೇರೆ, ಅವರ ವಿಶ್ವಾಸ ಬೇರೆ, ಅದರಲ್ಲಿ ಗೊಂದಲವಿಲ್ಲ. ಆದರೆ ಆಡಿದ ಮಾತನ್ನು ತೀರಿಸದಿದ್ದರೆ ಕೆಡುಕಾದೀತೆಂಬ ಅಂಜಿಕೆ ಅವರಲ್ಲಿದೆ. ಹಾಗೆ ಅಂಜುವ ನೆರೆಯವರ ಅಂಗಳದಲ್ಲಿ ನಿಂತು, ಏಕೈಕ ಒಡೆಯನನ್ನು ನಂಬುವೆನೆಂದು ದಿನಕ್ಕೆ ಐದು ಬಾರಿ ಸಾರುವವನು ಆ ಒಡೆಯನ ಹೆಸರಲ್ಲೇ ಸುಳ್ಳಾಣೆ ಹಾಕಿದರೆ, ನಾವು ಅವರಿಗೆ ಯಾವ ತೌಹೀದನ್ನು ಪರಿಚಯಿಸಿದಂತಾಯಿತು? ಸುಳ್ಳಾಣೆಯಿಂದ ಸರಕು ಮಾರುವವನನ್ನು ಪುನರುತ್ಥಾನದ ದಿನ ಅಲ್ಲಾಹನು ನೋಡುವುದೂ ಇಲ್ಲ, ಮಾತಾಡಿಸುವುದೂ ಇಲ್ಲ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಅಬೂದರ್ರ್(ರ) ವರದಿ ಮಾಡಿದ ಹದೀಸಿನಲ್ಲಿದೆ, ಸಹೀಹ್ ಮುಸ್ಲಿಮ್‌ನಲ್ಲಿ ಅದು ಸಿಗುತ್ತದೆ. ಆಣೆಯಿಂದ ಸರಕು ಬೇಗ ಬಿಕರಿಯಾದೀತು, ಬರಕತ್ತು ಮಾತ್ರ ಅಳಿಸಿಹೋಗುತ್ತದೆಂಬ ಇನ್ನೊಂದು ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಇನ್ನು ಆ ಯುವಕನ ವಾದಗಳಿಗೆ ಬರೋಣ. ಅವನ ಹೆಸರು ಬೇಕಿಲ್ಲ. ಈ ವಾದಗಳು ಅವನೊಬ್ಬನವಲ್ಲ, ಶುಕ್ರವಾರ ಮೊದಲ ಸಾಲಿನಲ್ಲಿ ಕೂರುವ ಹಿರಿಯ ವ್ಯಾಪಾರಿಗಳ ಬಾಯಲ್ಲೂ ನಾನು ಇವನ್ನೇ ಕೇಳಿದ್ದೇನೆ.

ಅವನ ಮೊದಲ ವಾದ, ಲೋಕವೆಲ್ಲ ಹೀಗೆಯೇ ಎಂಬುದು. ಇದರಲ್ಲಿ ಸತ್ಯದ ಅಂಶವಿಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಗ್ಯಾಲಪ್ ಎಂಬ ಸಂಸ್ಥೆ 1970ರ ದಶಕದಿಂದಲೂ ಯಾವ ಯಾವ ವೃತ್ತಿಯವರನ್ನು ಜನ ಪ್ರಾಮಾಣಿಕರೆಂದು ನಂಬುತ್ತಾರೆಂದು ಕೇಳುತ್ತ ಬಂದಿದೆ. ಕಾರು ಮಾರುವವರು ಬಹುತೇಕ ಪ್ರತಿ ಸಲವೂ ಪಟ್ಟಿಯ ತಳದಲ್ಲಿ, ಇಲ್ಲವೇ ತಳದ ಹತ್ತಿರ ಇರುತ್ತಾರೆ. 2023ರ ಸಮೀಕ್ಷೆಯಲ್ಲಿ ಆಸ್ಪತ್ರೆಯ ದಾದಿಯರ ನೈತಿಕತೆಯನ್ನು ಮೆಚ್ಚಿದವರು 100ಕ್ಕೆ 78 ಮಂದಿ, ಕಾರು ಮಾರುವವರದನ್ನು ಮೆಚ್ಚಿದವರು 8 ಮಂದಿ. ಅವರಿಗಿಂತ ಕೆಳಗೆ ಇದ್ದವರು ಅಲ್ಲಿನ ಸಂಸತ್ ಸದಸ್ಯರು. ನಮ್ಮ ದೇಶದಲ್ಲಿ ಇಂಥ ಪಟ್ಟಿ ಬೇಕಾಗಿಯೇ ಇಲ್ಲ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೇಳಿದರೆ ಸಾಕು.

ಆದರೆ ಈ ಲೆಕ್ಕವನ್ನು ತಂದು ‘ನೋಡಿ, ಎಲ್ಲರೂ ಹೀಗೆಯೇ’ ಎನ್ನುವವನು ತನ್ನನ್ನು ತಾನೇ ಬಯಲು ಮಾಡಿಕೊಳ್ಳುತ್ತಾನೆ. ಮದ್‌ಯನ್‌ನ ಜನರೂ ಎಲ್ಲರೂ ಹಾಗೆಯೇ ಇದ್ದರು. ಅಳತೆಯಲ್ಲಿ, ತೂಕದಲ್ಲಿ ಕಡಿತ ಮಾಡುವುದು ಆ ಊರಿನ ಸಾಮಾನ್ಯ ಪದ್ಧತಿಯಾಗಿತ್ತು. ಶುಐಬ್(ಅ) ಅವರನ್ನು ಕಳುಹಿಸಿದ್ದು ಅಂಥ ಊರಿಗೇ ಹೊರತು ಒಬ್ಬಿಬ್ಬರು ಕಳ್ಳರಿದ್ದ ಊರಿಗಲ್ಲ. ಪಾಪವನ್ನು ಊರಿನವರೆಲ್ಲ ಹಂಚಿಕೊಂಡರೆ ಪ್ರತಿಯೊಬ್ಬರ ಪಾಲು ಕಡಿಮೆಯಾಗುತ್ತದೆಂದು ಯಾವ ಗ್ರಂಥದಲ್ಲಿ ಬರೆದಿದೆ?

ಎರಡನೆಯ ವಾದ ಸ್ವಲ್ಪ ಗಟ್ಟಿಯಾದುದು. ‘ನಿಜ ಹೇಳಿದರೆ ಗಾಡಿ ಹೋಗುವುದಿಲ್ಲ, ನನ್ನ ಮಕ್ಕಳು ಏನು ತಿನ್ನಬೇಕು?’ ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಏಕೆಂದರೆ ಇದರ ಹಿಂದೆ ನಿಜವಾದ ಕಷ್ಟವೊಂದಿದೆ, ಮತ್ತು ಆ ಕಷ್ಟದ ಮೇಲೆಯೇ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನು ಉದಾಹರಣೆಯಾಗಿಟ್ಟು ಪ್ರಬಂಧವೊಂದನ್ನು ಬರೆದನು. 2001ರಲ್ಲಿ ಅವನಿಗೆ ನೊಬೆಲ್ ಬಂದದ್ದು ಈ ವಿಚಾರಕ್ಕಾಗಿಯೇ. ಅಮೆರಿಕನ್ನರು ಕೆಟ್ಟ ಕಾರನ್ನು ಆಡುಮಾತಿನಲ್ಲಿ ‘ಲಿಂಬೆ’ ಎನ್ನುತ್ತಾರೆ. ಅವನ ವಾದ ಸರಳವಾದುದು. ಮಾರುವವನಿಗೆ ತನ್ನ ಗಾಡಿಯ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಲಿಂಬೆ ಯಾವುದು ಎಂದು ತಿಳಿಯದ ಗಿರಾಕಿ ಎರಡಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆ ಒಳ್ಳೆಯ ಗಾಡಿಯ ಮಾಲೀಕನಿಗೆ ನಷ್ಟ, ಅವನು ಮಾರದೆ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಉಳಿಯುವುದು ಲಿಂಬೆಗಳೇ. ಗಿರಾಕಿ ಇನ್ನಷ್ಟು ಅನುಮಾನಿಸಿ ಬೆಲೆ ಇನ್ನೂ ಇಳಿಸುತ್ತಾನೆ. ಕೊನೆಗೆ ಸಂತೆಯೇ ಮುಚ್ಚಬಹುದು. (ಅದೇ ಪ್ರಬಂಧದಲ್ಲಿ ನಮ್ಮ ಭಾರತದ ಹಳ್ಳಿಗಳ ಬಡ್ಡಿ ಸಾಹುಕಾರರ ಪ್ರಸ್ತಾಪವೂ ಇದೆ. ರಿಬಾದ ಬಗ್ಗೆ ಬರೆಯುವವರು ಅದನ್ನು ಗಮನಿಸಬೇಕು.)

ಈಗ ಯೋಚಿಸಿ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಹಕೀಮ್ ಬಿನ್ ಹಿಝಾಮ್(ರ) ಅವರ ವರದಿ ಇದೆ. ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ, ಇದ್ದುದನ್ನು ಬಿಡಿಸಿ ತಿಳಿಸಿದರೆ ಅವರ ವ್ಯವಹಾರದಲ್ಲಿ ಬರಕತ್ತು ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಆ ಬರಕತ್ತು ಅಳಿದುಹೋಗುತ್ತದೆ ಎಂಬುದು ಅದರ ತಾತ್ಪರ್ಯ. ನಾವು ಬರಕತ್ತು ಎಂದರೆ ಏನೋ ಕಾಣದ ಮಹಿಮೆಯೆಂದಷ್ಟೇ ತಿಳಿದಿದ್ದೇವೆ. ಬರಕತ್ತು ಅಳಿಯುವುದು ಹೇಗಿರುತ್ತದೆಂದು ಕಣ್ಣಾರೆ ನೋಡಬೇಕಿದ್ದರೆ ಹಳೆಯ ಗಾಡಿಗಳ ಸಂತೆಯನ್ನು ನೋಡಬಹುದು. ಪ್ರಾಮಾಣಿಕನ ಗಾಡಿಗೂ ಸರಿಯಾದ ಬೆಲೆ ಬರುವುದಿಲ್ಲ. ನಮ್ಮ ಯುವಕನ ಮಕ್ಕಳ ಊಟವನ್ನು ಕಸಿಯುತ್ತಿರುವುದು ಸತ್ಯವಲ್ಲ. ಅವನಿಗಿಂತ ಮೊದಲು ಮೀಟರ್ ತಿರುಗಿಸಿದವರ ಸುಳ್ಳು. ಅವನು ಇಂದು ತಿರುಗಿಸುವ ಮೀಟರ್ ನಾಳೆ ಇನ್ನೊಬ್ಬ ಸತ್ಯವಂತನ ಮಕ್ಕಳ ತಟ್ಟೆಯಿಂದ ಕಸಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ನಾಚಿಕೆಗೇಡಿನ ವಾದ. ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಲ್ಲಿದ್ದ ಇನ್ನೊಬ್ಬರು ಹೇಳಿದರು: ದೋಷ ಮುಚ್ಚಿಟ್ಟು ಮಾರಬಾರದೆಂಬ ಹದೀಸಿನಲ್ಲಿ ‘ಸಹೋದರನಿಗೆ’ ಎಂದಿದೆಯಲ್ಲ, ಕೊಂಡವರು ನಮ್ಮವರಲ್ಲವಲ್ಲ! ಉಕ್ಬಾ ಬಿನ್ ಆಮಿರ್(ರ) ಅವರಿಂದ ಇಬ್ನು ಮಾಜಾ ಉದ್ಧರಿಸಿರುವ ಆ ವರದಿಯನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರು, ಹಿಜ್‌ರತ್‌ನ ರಾತ್ರಿಯನ್ನು ಹೇಗೆ ಮರೆತರೋ ತಿಳಿಯದು. ಕುರೈಷರು ಪ್ರವಾದಿ(ಸ)ಯವರ ಪ್ರಾಣ ತೆಗೆಯಲು ಸಂಚು ಹೂಡಿದ್ದರು. ಅದೇ ಮಕ್ಕಾದವರ ಅಮಾನತ್ತುಗಳು ಅವರ ಬಳಿಯೇ ಇದ್ದವು. ಶತ್ರುಗಳೂ ತಮ್ಮ ಸೊತ್ತನ್ನು ಇಡಲು ಅವರಿಗಿಂತ ನಂಬಿಗಸ್ತನನ್ನು ಕಂಡಿರಲಿಲ್ಲ. ಆ ಒಂದೊಂದು ಅಮಾನತ್ತನ್ನೂ ಮರಳಿಸುವುದಕ್ಕಾಗಿ ಅಲೀ(ರ) ಅವರನ್ನು ಅಪಾಯದ ನಡುವೆ ಹಿಂದೆ ಬಿಟ್ಟುಹೋದರು. ಕೊಲ್ಲಲು ಬಂದವರ ಸೊತ್ತಿನಲ್ಲಿ ಒಂದು ದಿರ್ಹಮ್ ಕಡಿಮೆಯಾಗಬಾರದೆಂದವರ ಉಮ್ಮತ್ತು ನಾವು. ಮಳೆಗಾಲದಲ್ಲಿ ನಮ್ಮ ಮನೆಗೆ ತೋಟದ ಬಾಳೆಗೊನೆ ಕಳುಹಿಸುವ ನೆರೆಯವರನ್ನು ‘ನಮ್ಮವರಲ್ಲ’ ಎಂದು ಮೋಸ ಮಾಡಲು ಹದೀಸನ್ನು ಹುಡುಕುತ್ತೇವೆ!

ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ತೂರಿಸಿದಾಗ ಬೆರಳಿಗೆ ತೇವ ತಗುಲಿದ ಪ್ರಸಂಗ ನಮ್ಮ ಮಕ್ಕಳಿಗೂ ಬಾಯಿಪಾಠ. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಸಬೂಬು ಹೇಳಿದನು. ಹಾಗಿದ್ದರೆ ಜನ ಕಾಣುವಂತೆ ಅದನ್ನು ಮೇಲೆಯೇ ಏಕಿಡಲಿಲ್ಲವೆಂದು ಕೇಳಿ, ವಂಚಿಸುವವನನ್ನು ತಮ್ಮ ಬಳಗದಿಂದಲೇ ಹೊರಗಿಟ್ಟರು. ಶಿರಸಿ, ಯಲ್ಲಾಪುರದ ಅಡಿಕೆ ವ್ಯಾಪಾರ ಬಲ್ಲವರಿಗೆ ಈ ಹದೀಸಿಗೆ ವ್ಯಾಖ್ಯಾನ ಬೇಕಿಲ್ಲ. ಚಾಲಿಯ ಚೀಲದ ಮೇಲ್ಭಾಗದಲ್ಲಿ ಒಳ್ಳೆಯದನ್ನು ತೋರಿಸಿ ಅಡಿಯಲ್ಲಿ ಕೋಕ ತುಂಬಿದರೆ ಏನೆನ್ನುತ್ತಾರೆ? ಟೆಂಡರಿಗೆ ಇಟ್ಟ ರಾಶಿಗೆ ಖರೀದಿದಾರ ಕೈ ಹಾಕಿ ನೋಡುತ್ತಾನೆ, ಬೇಕಾದರೆ ಒಡೆದೂ ನೋಡುತ್ತಾನೆ. ಗಾಡಿಯ ಎಂಜಿನ್ನಿಗೆ ಹಾಗೆ ಕೈ ಹಾಕಲು ಬರುವುದಿಲ್ಲ. ಹಾಗಾಗಿ ಒಳಗಿನ ತೇವವನ್ನು ಮೇಲಿಡುವ ಹೊಣೆ ಗಾಡಿ ಮಾರುವವನ ಮೇಲೆ ಅಡಿಕೆ ಮಾರುವವನಿಗಿಂತ ಹೆಚ್ಚು.

ಈ ವ್ಯಾಪಾರದಲ್ಲಿ ಒಳಗಿನ ತೇವ ಯಾವುದೆಂದು ಹೆಸರಿಟ್ಟು ಹೇಳದಿದ್ದರೆ ನನ್ನ ಬರಹ ಇನ್ನೊಂದು ಖುತುಬಾ ಆಗಿಬಿಡುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಸ್ಕ್ರೂಡ್ರೈವರಿನ ಕೆಲಸವಲ್ಲ, ಚಿಕ್ಕ ಯಂತ್ರವೊಂದನ್ನು ಜೋಡಿಸಿ ಅಂಕಿ ಬದಲಿಸುತ್ತಾರೆ. ಹೊಗೆ ಮತ್ತು ಸದ್ದು ಅಡಗಲೆಂದು ದಪ್ಪ ಆಯಿಲ್ ತುಂಬಿಸುತ್ತಾರೆ, ಅದು ಗಿರಾಕಿ ಒಂದು ಸುತ್ತು ಹೋಗಿಬರುವಷ್ಟು ಹೊತ್ತು ಕೆಲಸ ಮಾಡುತ್ತದೆ. ಅಪಘಾತದಲ್ಲಿ ಮಡಚಿದ ತಗಡಿಗೆ ಪುಟ್ಟಿ ಬಳಿದು ಬಣ್ಣ ಹೊಡೆಯುತ್ತಾರೆ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ತೊಳೆದು, ಒಣಗಿಸಿ, ಅತ್ತರು ಸಿಂಪಡಿಸಿ ತರುತ್ತಾರೆ. 2021ರ ಜುಲೈ ತಿಂಗಳಲ್ಲಿ ನಮ್ಮದೇ ತಾಲೂಕಿನಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದನ್ನು, ಕಳಚೆಯ ಗುಡ್ಡ ಕುಸಿದದ್ದನ್ನು ಕಂಡ ನಮಗೆ ನೀರು ನುಗ್ಗಿದ ಮೇಲೆ ಯಂತ್ರಕ್ಕೆ ಏನಾಗುತ್ತದೆಂದು ಹೇಳಿಕೊಡಬೇಕಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಒಳಸುರುಳಿಯಲ್ಲಿ ಕೆಸರಿನ ಗೆರೆ ಕಂಡೀತು. 40 ಸಾವಿರ ಓಡಿದೆಯೆನ್ನುವ ಗಾಡಿಯ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಮೀಟರನ್ನು ನಂಬಬೇಡಿ, ಪೆಡಲನ್ನು ನಂಬಿ. ‘ನಿನ್ನೆಯೇ ಒಬ್ಬರು ಇದಕ್ಕಿಂತ ಹೆಚ್ಚಿಗೆ ಕೇಳಿ ಹೋದರು’ ಎಂಬ ಮಾತಿದೆಯಲ್ಲ, ಅದಕ್ಕೆ ಜೊತೆಯವನೊಬ್ಬ ಗಿರಾಕಿಯಂತೆ ನಟಿಸುವುದೂ ಉಂಟು. ಅದಕ್ಕೆ ಫಿಕ್‌ಹಿನಲ್ಲಿ ನಜಶ್ ಎಂಬ ಹೆಸರಿದೆ, ಪ್ರವಾದಿ(ಸ) ಅದನ್ನು ಹೆಸರಿಟ್ಟು ನಿಷೇಧಿಸಿದ್ದಾರೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ. ಮದ್ರಸದಲ್ಲಿ ನಾವು ಕುದೂರಿ, ಹಿದಾಯಗಳ ಕ್ರಯವಿಕ್ರಯದ ಅಧ್ಯಾಯವನ್ನು ತಿಂಗಳುಗಟ್ಟಲೆ ಓದಿದೆವು. ಮುಸರ್ರಾತ್ ಎಂಬ ಪಾಠವಿತ್ತು. ಮಾರುವ ಮುನ್ನ ಒಂಟೆಯ, ಕುರಿಯ ಹಾಲು ಕರೆಯದೆ ಕೆಚ್ಚಲು ಬಿಗಿದು, ತುಂಬಿದ ಕೆಚ್ಚಲು ತೋರಿಸಿ ಗಿರಾಕಿಯನ್ನು ಮರುಳು ಮಾಡುವ ಪಾಠ. ಅದನ್ನು ಪ್ರವಾದಿ(ಸ) ನಿಷೇಧಿಸಿ, ಕೊಂಡವನಿಗೆ ಇಟ್ಟುಕೊಳ್ಳುವ ಅಥವಾ ಮರಳಿಸುವ ಆಯ್ಕೆ ಕೊಟ್ಟ ವರದಿ ಬುಖಾರಿ, ಮುಸ್ಲಿಮ್‌ನಲ್ಲಿದೆ. ಮರಳಿಸುವ ವಿಧಾನದ ಬಗ್ಗೆ ನಮ್ಮ ಹನಫೀ ಇಮಾಮರಿಗೂ ಶಾಫಿಈ ಇಮಾಮರಿಗೂ ಇರುವ ಭಿನ್ನಾಭಿಪ್ರಾಯವನ್ನು ನಾವು ಪುಟಗಟ್ಟಲೆ ಬರೆದು ಪರೀಕ್ಷೆಯಲ್ಲಿ ಅಂಕ ಪಡೆದೆವು. ಕೃತ್ಯ ಹರಾಮ್ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಬಿಗಿದ ಕೆಚ್ಚಲು ಮತ್ತು ತಿರುಗಿಸಿದ ಮೀಟರ್ ಒಂದೇ ಎಂದು ನಾನು ಒಂದು ದಿನವೂ ನನ್ನ ವಿದ್ಯಾರ್ಥಿಗಳಿಗೆ ಹೇಳಲಿಲ್ಲ. ಒಂಟೆಯನ್ನು ಕಂಡೇ ಇಲ್ಲದ ಮಲೆನಾಡಿನ ಹುಡುಗರಿಗೆ ಒಂಟೆಯ ಕಾನೂನು ಕಲಿಸಿದೆವು, ಅವರು ನಾಳೆ ಮಾರಲಿರುವ ಗಾಡಿಯ ಕಾನೂನು ಕಲಿಸಲಿಲ್ಲ. ಆ ಯುವಕನನ್ನು ಗದರುವಾಗ ನನ್ನ ದನಿ ಇದರಿಂದಲೇ ತುಸು ತಗ್ಗಿತು.

ಯುವಕನ ಕೊನೆಯ ಆಸರೆ ಇದಾಗಿತ್ತು: “ಹಜ್ರತ್, ಮೀಟರ್ ನಾನು ತಿರುಗಿಸಿದ್ದಲ್ಲ. ಬರುವಾಗಲೇ ಹಾಗಿತ್ತು. ಇದ್ದ ಹಾಗೇ ಕೊಟ್ಟೆ.” ‘ಇದ್ದ ಹಾಗೇ’ ಎಂಬ ಈ ಎರಡು ಪದಗಳ ಕೆಳಗೆ ಇಡೀ ವ್ಯಾಪಾರ ಅಡಗಿ ಕುಳಿತಿದೆ. ಎಲ್ಲ ದೋಷಗಳ ಹೊಣೆಯಿಂದ ಕಳಚಿಕೊಂಡು ಮಾರುವುದಕ್ಕೆ ಹನಫೀ ಮದ್‌ಹಬ್‌ನಲ್ಲಿ ಅವಕಾಶವಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಶಾಫಿಈಗಳು ಅದಕ್ಕೆ ಬಹಳ ಕಡಿಮೆ ಎಡೆ ಕೊಟ್ಟಿದ್ದಾರೆ. ಆದರೆ ವ್ಯವಹಾರ ಊರ್ಜಿತವಾಗುವುದು ಬೇರೆ, ಗೊತ್ತಿದ್ದ ದೋಷವನ್ನು ಮುಚ್ಚಿಟ್ಟ ಪಾಪ ಕಳೆಯುವುದು ಬೇರೆ. ಇಮಾಮ್ ಮಾಲಿಕ್‌ರ(ರಹ್) ಮುವತ್ತಾದಲ್ಲಿ ಒಂದು ಪ್ರಸಂಗವಿದೆ. ಇಬ್ನು ಉಮರ್(ರ) ಅವರು ತಮ್ಮ ಗುಲಾಮನೊಬ್ಬನನ್ನು ದೋಷದ ಹೊಣೆಯಿಲ್ಲವೆಂಬ ಷರತ್ತಿನ ಮೇಲೆ 800 ದಿರ್ಹಮ್‌ಗೆ ಮಾರಿದರು. ಅವನಿಗೆ ರೋಗವಿತ್ತು, ನನಗೆ ತಿಳಿಸಲಿಲ್ಲವೆಂದು ಕೊಂಡವನು ದೂರಿತ್ತನು. ತಕರಾರು ಖಲೀಫಾ ಉಸ್ಮಾನ್(ರ) ಅವರ ಮುಂದೆ ಬಂತು. ಮಾರುವಾಗ ರೋಗ ತಮಗೆ ತಿಳಿದಿರಲಿಲ್ಲವೆಂದು ಅಲ್ಲಾಹನ ಮೇಲೆ ಪ್ರಮಾಣ ಮಾಡಬೇಕೆಂದು ಖಲೀಫರು ತೀರ್ಪಿತ್ತರು. ಇಬ್ನು ಉಮರ್(ರ) ಪ್ರಮಾಣ ಮಾಡಲು ಒಪ್ಪಲಿಲ್ಲ, ಮರಳಿ ಪಡೆದರು. ಅವರ ಬಳಿಯೇ ಅವನು ಗುಣಮುಖನಾದನು, ಬಳಿಕ 1500 ದಿರ್ಹಮ್‌ಗೆ ಮಾರಾಟವಾಯಿತು. ಸತ್ಯಕ್ಕೆ ಹೆದರಿ ಹಿಂದೆಗೆದವರಿಗೆ 700 ದಿರ್ಹಮ್ ಹೆಚ್ಚೇ ಬಂತು!

ನಾನು ಯುವಕನನ್ನು ಕೇಳಿದ್ದೂ ಇಷ್ಟೇ: ಮೀಟರ್ ತಿರುಗಿದ್ದು ನಿನಗೆ ಗೊತ್ತಿರಲಿಲ್ಲವೆಂದು ಆಣೆ ಹಾಕುವೆಯಾ? ಮಾರುವಾಗ ಸಲೀಸಾಗಿ ಹೊರಳಿದ ನಾಲಿಗೆ ಆಗ ಹೊರಳಲಿಲ್ಲ. ಇನ್ನೊಂದು ವಿಷಯವನ್ನೂ ಅವನಿಗೆ ತಿಳಿಸಿದೆ. ದೋಷ ಕಂಡುಬಂದಾಗ ಮರಳಿಸುವ ಹಕ್ಕು ಮಾರಿದವನಿಗೆ ಅದು ಗೊತ್ತಿತ್ತೋ ಇಲ್ಲವೋ ಎಂಬುದನ್ನು ಕಾಯುವುದಿಲ್ಲ. ಗೊತ್ತಿಲ್ಲದಿದ್ದರೆ ಪಾಪವಿಲ್ಲ, ಹೊಣೆಯಂತೂ ಇದ್ದೇ ಇದೆ. ಇಮಾಮ್ ಅಬೂಹನೀಫಾ(ರಹ್) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ಅವರ ಪಾಲುದಾರನು ದೋಷವಿದ್ದ ಬಟ್ಟೆಯನ್ನು ತಿಳಿಸಲು ಮರೆತು ಮಾರಿಬಿಟ್ಟಾಗ, ಕೊಂಡವನು ಯಾರೆಂದು ಪತ್ತೆಯಾಗದ ಕಾರಣ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನಾವು ‘ನಾವು ಹನಫೀಗಳು’ ಎಂದು ಎದೆ ತಟ್ಟಿಕೊಳ್ಳುವುದು ಯಾವ ಅಬೂಹನೀಫಾರ ಹೆಸರಿನಲ್ಲಿ?

ಈ ‘ಇದ್ದ ಹಾಗೇ’ ಎಂಬುದರ ಬಗ್ಗೆ ಅಮೆರಿಕದಲ್ಲೊಂದು ಸ್ವಾರಸ್ಯಕರ ಕಥೆಯಿದೆ. 1981ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಹಳೆಯ ಕಾರು ಮಾರುವ ಡೀಲರುಗಳು ತಮಗೆ ತಿಳಿದಿರುವ ದೋಷಗಳನ್ನು ಬರೆದು ಗಾಡಿಯ ಕಿಟಕಿಗೆ ಅಂಟಿಸಬೇಕೆಂದು ನಿಯಮ ಮಾಡಹೊರಟಿತು. 1982ರಲ್ಲಿ ಸಂಸತ್ತು ಅದನ್ನು ತಡೆಹಿಡಿಯಿತು. ಕೊನೆಗೆ 1985ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಕಿಟಕಿಯ ಚೀಟಿ ಉಳಿಯಿತು, ದೋಷ ಬರೆಯಬೇಕೆಂಬ ಷರತ್ತು ಮಾಯವಾಯಿತು. ‘ಗ್ಯಾರಂಟಿ ಉಂಟೋ, ಇದ್ದ ಹಾಗೇ ಮಾರುತ್ತೀರೋ’ ಎಂಬುದಷ್ಟೇ ಬರೆದರೆ ಸಾಕಾಯಿತು. ಜಗತ್ತಿನ ಬಲಾಢ್ಯ ಸರಕಾರವೊಂದು ಡೀಲರುಗಳಿಂದ ಬರೆಸಲಾಗದ ಆ ಒಂದು ಸಾಲನ್ನು ಮದೀನಾದ ಸಂತೆಯಲ್ಲಿ ಒಬ್ಬ ಸಾಮಾನ್ಯ ಧಾನ್ಯದ ವ್ಯಾಪಾರಿಯಿಂದ ನಿರೀಕ್ಷಿಸಲಾಗಿತ್ತು.

ನ್ಯಾಯದ ಮಾತನ್ನು ಎರಡೂ ಕಡೆಗೆ ಹೇಳಬೇಕು. ಕಾರು ಮಾರುವವನನ್ನು ಕಂಡಕೂಡಲೇ ಕಳ್ಳನೆನ್ನುವ ಜನರ ಕೈಗಳೂ ಶುದ್ಧವಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ಪರೀಕ್ಷೆಯನ್ನು ಮೋಸಗೊಳಿಸುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಅಳವಡಿಸಿದ್ದು ಬಯಲಾಯಿತು. ಅದನ್ನು ಮಾಡಿದವರು ದೊಡ್ಡ ಪದವಿಯ ಎಂಜಿನಿಯರುಗಳು, ಶೋರೂಮಿನಲ್ಲಿ ಟೈ ಕಟ್ಟಿ ನಿಲ್ಲುವ ಹುಡುಗರಲ್ಲ. ನಮ್ಮ ಮನೆಗಳಲ್ಲೇ ನೋಡಿ. ಹಳೆಯ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಡುವ ಮುನ್ನಾದಿನ ಬ್ಯಾಟರಿ ಬದಲಿಸಿಡುವವರು, ಬಡವನೊಬ್ಬ ತುರ್ತು ಹಣಕ್ಕಾಗಿ ಗಾಡಿ ಮಾರುತ್ತಿದ್ದಾನೆಂದು ತಿಳಿದು ಅರ್ಧ ಬೆಲೆಗೆ ಕೇಳುವವರು ಯಾರು? ಜರೀರ್ ಬಿನ್ ಅಬ್ದುಲ್ಲಾಹ್(ರ) ಅವರಿಗಾಗಿ ಸೇವಕನು 300 ದಿರ್ಹಮ್‌ಗೆ ಕುದುರೆಯೊಂದನ್ನು ಗೊತ್ತುಮಾಡಿ ತಂದಾಗ, ಅದರ ಯೋಗ್ಯತೆ ಇನ್ನೂ ಹೆಚ್ಚೆಂದು ತಾವೇ ಬೆಲೆ ಏರಿಸುತ್ತ 800ಕ್ಕೆ ಕೊಂಡರೆಂದು ತಬ್ರಾನಿಯಲ್ಲಿ ವರದಿಯಿದೆ. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿ(ಸ)ಗೆ ಮಾತು ಕೊಟ್ಟಿದ್ದವರು ಅವರು. ಕೊಳ್ಳುವವನಾಗಿ ಹಾಗೆ ನಡೆದುಕೊಳ್ಳುವ ಎದೆಗಾರಿಕೆ ನನಗೂ ಇಲ್ಲ, ಒಪ್ಪುತ್ತೇನೆ.

ಬೇರೆಯವನು ಮೋಸ ಮಾಡಿದರೆ ಜನ ವ್ಯಾಪಾರವನ್ನು ಬೈಯುತ್ತಾರೆ, ನಮ್ಮವನು ಮಾಡಿದರೆ ಧರ್ಮವನ್ನು ಬೈಯುತ್ತಾರೆ. ಇದು ಅನ್ಯಾಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಅನ್ಯಾಯವನ್ನು ಹೇಳಿಕೊಂಡು ಅಳುವ ಹಕ್ಕು ಮೀಟರ್ ತಿರುಗಿಸಿದವನಿಗಿಲ್ಲ. ಆ ಹಕ್ಕಿರುವುದು ಸತ್ಯ ಹೇಳಿ ನಷ್ಟ ಅನುಭವಿಸಿದ ಗಾಡಿ ವ್ಯಾಪಾರಿಗೆ. ಅಂಥವರು ನಮ್ಮ ನಡುವೆ ಇದ್ದಾರೆ. ‘ಇದರ ಗೇರ್‌ಬಾಕ್ಸ್ ಸರಿಯಿಲ್ಲ, ಬೇಡ’ ಎಂದು ನನ್ನನ್ನೇ ಬರಿಗೈಯಲ್ಲಿ ಹಿಂದೆ ಕಳುಹಿಸಿದವರೊಬ್ಬರಿದ್ದಾರೆ. ಅವರ ಅಂಗಡಿಯ ಮುಂದೆ ಗಾಡಿಗಳು ಕಡಿಮೆ.

ಒಬ್ಬರ ನಡತೆಗೆ ಸಾಕ್ಷಿ ಹೇಳಬಂದವನನ್ನು ಖಲೀಫಾ ಉಮರ್(ರ) ಕೇಳಿದ ಪ್ರಶ್ನೆಗಳು ಪ್ರಸಿದ್ಧ. ನೀನು ಅವನ ನೆರೆಯವನೇ, ಅವನೊಡನೆ ಪ್ರಯಾಣ ಮಾಡಿದ್ದೀಯಾ, ಹಣದ ವ್ಯವಹಾರ ಮಾಡಿದ್ದೀಯಾ ಎಂದು ವಿಚಾರಿಸಿದರು. ಮೂರಕ್ಕೂ ಇಲ್ಲವೆಂದಾಗ, ಹಾಗಿದ್ದರೆ ಮಸೀದಿಯಲ್ಲಿ ಅವನು ತಲೆ ಬಾಗಿಸಿ ಎತ್ತುವುದನ್ನಷ್ಟೇ ಕಂಡಿರಬೇಕು, ನೀನು ಅವನನ್ನು ಬಲ್ಲವನಲ್ಲ ಎಂದರು. ನಮ್ಮ ಜಮಾಅತ್‌ಗಳು ಗಡ್ಡದ ಉದ್ದವನ್ನು ಚರ್ಚಿಸುತ್ತವೆ, ಮದುವೆಯ ವಾದ್ಯವನ್ನು ಚರ್ಚಿಸುತ್ತವೆ. ಗಾಡಿ ಕೊಂಡು ಮೋಸಹೋದ ನೆರೆಯವರು ಬಂದು ಕುಳಿತುಕೊಳ್ಳಲು ಜಮಾಅತ್ ಕಚೇರಿಯಲ್ಲಿ ಒಂದು ಕುರ್ಚಿಯಿದೆಯೇ?

ಕಾಗದಪತ್ರದ ವಿಷಯದಲ್ಲಿ ನಮ್ಮವರ ಉದಾಸೀನ ಇನ್ನೊಂದು ರೋಗ. ಮಾರಿದವರಿಂದ 29 ಮತ್ತು 30ನೇ ನಮೂನೆಗಳಿಗೆ ಖಾಲಿ ಸಹಿ ಪಡೆದು, ಆರ್.ಸಿ. ಬದಲಾಯಿಸದೆ, ಗಾಡಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮಾರಾಟವಾದ 14 ದಿನಗಳೊಳಗೆ ಮಾರಿದವನು ಆರ್.ಟಿ.ಒ.ಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ನಡುವೆ ಅಪಘಾತವಾದರೆ? ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಆ ಪ್ರಕರಣದಲ್ಲೂ ಗಾಡಿ ಹಲವು ಕೈ ದಾಟಿತ್ತು. ಕೆ.ಎ. 31 ಎಂಬ ಶಿರಸಿಯ ನೋಂದಣಿಯ ಎಷ್ಟು ಗಾಡಿಗಳ ಪುಸ್ತಕದಲ್ಲಿ ಇಂದಿಗೂ ಹತ್ತು ವರ್ಷ ಹಿಂದಿನ ಮಾಲೀಕರ ಹೆಸರಿದೆಯೋ ಅಲ್ಲಾಹನೇ ಬಲ್ಲ. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿಗಳ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರ ಪಡೆಯಲು ಕೇಂದ್ರ ಸರಕಾರ ನಿಯಮ ಮಾಡಿದೆ. ಗಾಡಿ ಡೀಲರನ ಕೈಗೆ ಬಂದುದನ್ನು ಪೋರ್ಟಲಿನಲ್ಲಿ ತಿಳಿಸಿದರೆ ಆ ಅವಧಿಯ ಹೊಣೆ ಅವನದಾಗುತ್ತದೆ. ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಅದನ್ನು ಪಡೆದಿದ್ದಾರೆ? ಮೋಸಹೋದವರಿಗೂ ದಾರಿಯಿದೆ. ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಆ ಹಿರಿಯರಿಗೆ ಇದನ್ನು ನಾನೇ ತಿಳಿಸಿದೆ. ನನ್ನ ಶಿಷ್ಯನ ಮೇಲೆ ದೂರು ಕೊಡುವ ದಾರಿಯನ್ನು ನಾನೇ ತೋರಿಸಿದ್ದಕ್ಕೆ ನಮ್ಮವರಲ್ಲಿ ಕೆಲವರು ಮುಖ ತಿರುಗಿಸಿದ್ದಾರೆ. ತಿರುಗಿಸಲಿ.

ಹಿರಿಯರು ದೂರು ಕೊಡಲಿಲ್ಲ. ಯುವಕನು ಗಾಡಿಯನ್ನು ಹಿಂದಕ್ಕೆ ಪಡೆಯಲು ಒಪ್ಪಿದನು, ಆದರೆ ಪೂರ್ತಿ ಹಣ ಅವನ ಬಳಿ ಉಳಿದಿರಲಿಲ್ಲ. ಕೊನೆಗೆ ಗಾಡಿ ಅವರಲ್ಲೇ ಉಳಿಯುವುದು, 80 ಸಾವಿರ ರೂಪಾಯಿಯನ್ನು ಎರಡು ಕಂತಿನಲ್ಲಿ ಮರಳಿಸುವುದು ಎಂದಾಯಿತು. ಮೊದಲ ಕಂತು ಕೊಡಲು ಇಬ್ಬರೂ ಒಟ್ಟಿಗೆ ಹೋಗಿದ್ದೆವು. ಅವರು ಎಣಿಸಲಿಲ್ಲ. ಎಣಿಸಿಕೊಳ್ಳಿ ಎಂದು ನಾನೇ ಒತ್ತಾಯಿಸಿದೆ.

ಹಬ್ಬಾನ್ ಬಿನ್ ಮುನ್ಕಿದ್(ರ) ಎಂಬ ಸಹಾಬಿ ವ್ಯಾಪಾರದಲ್ಲಿ ಪದೇ ಪದೇ ಮೋಸಹೋಗುತ್ತಿದ್ದರು. ವಂಚನೆ ಇರಕೂಡದೆಂದು ಮೊದಲೇ ಹೇಳಿ ಕೊಳ್ಳುವಂತೆ ಪ್ರವಾದಿ(ಸ) ಅವರಿಗೆ ಕಲಿಸಿದರು, ಮೂರು ದಿನಗಳ ಆಯ್ಕೆಯನ್ನೂ ಕೊಟ್ಟರೆಂದು ವರದಿಗಳಿವೆ. ಅಬೂಹನೀಫಾ ಮತ್ತು ಶಾಫಿಈ ಇಬ್ಬರೂ ಷರತ್ತಿನ ಆಯ್ಕೆಗೆ ಮೂರು ದಿನಗಳ ಮಿತಿಯಿಟ್ಟಿದ್ದಾರೆ. ಅದನ್ನೇ ಆಧಾರವಾಗಿಟ್ಟು ನಾನು ಒಂದು ಪುಟದ ದೋಷಪತ್ರವನ್ನು ಕನ್ನಡದಲ್ಲಿ ಬರೆದು ಅಚ್ಚು ಹಾಕಿಸಿದ್ದೇನೆ. ಸರ್ವಿಸ್ ದಾಖಲೆಯ ಪ್ರಕಾರ ಓಡಿದ ಕಿಲೋಮೀಟರು, ಅಪಘಾತ, ನೆರೆ, ಬಣ್ಣ ಹೊಡೆದ ಭಾಗ, ಬಾಕಿ ಸಾಲ, ಎಷ್ಟನೆಯ ಮಾಲೀಕ, ಎರಡೂ ಕಡೆಯಿಂದ ದಲ್ಲಾಳಿ ಪಡೆಯುವ ಹಣ ಎಷ್ಟು, ಮೂರು ದಿನದೊಳಗೆ ಮರಳಿಸುವ ಷರತ್ತು. ಕೆಳಗೆ ಮಾರುವವರ ಸಹಿ, ಮೆಕ್ಯಾನಿಕರ ಸಹಿ. ಆಣೆಗೆ ಅದರಲ್ಲಿ ಜಾಗವಿಲ್ಲ. ಕಳೆದ ಜುಮುಆದಂದು 50 ಪ್ರತಿಗಳನ್ನು ಮಸೀದಿಯ ಬಾಗಿಲಲ್ಲಿಟ್ಟೆ. ಗಾಡಿ ವ್ಯಾಪಾರದವರಲ್ಲಿ ಇಬ್ಬರು ಒಯ್ದರು. ಅವರಲ್ಲೊಬ್ಬರು ಮರುದಿನ ಫೋನ್ ಮಾಡಿ, ಉಳಿದುದೆಲ್ಲ ಸರಿ, ಕಿಲೋಮೀಟರಿನ ಆ ಮೊದಲ ಸಾಲನ್ನು ತೆಗೆಯಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲವೆಂದೆ.